ಸದಣ್ಣನ ಬಗ್ಗೆ ವಿಚಾರಿಸಲು ಬಂದವರು

ಈಗ ಬರೆಯಹೊರಟಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಅಲ್ಲಿ ಕಲಿತದ್ದರಲ್ಲಿ ನನಗೆ ಉಳಿದದ್ದು ಒಂದೇ, ಕಣ್ಣಾರೆ ಕಂಡೆ ಎನ್ನುವವರನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸಬೇಕು ಎಂಬುದು. ಆ ಪಾಠವನ್ನು ನನ್ನ ಮೇಲೇ ಪ್ರಯೋಗಿಸುತ್ತ ಬಂದಿದ್ದೇನೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ಅದನ್ನು ನಂಬುವ ಹಾಗಿಲ್ಲ. ಈ ಕಥೆ ಶುರುವಾದ ದಿನದ ಪುಟದಲ್ಲಿ ಇರುವುದು ಇಷ್ಟು: 'ಬೆಳಿಗ್ಗೆ ಜೋರು ಮಳೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಸದಣ್ಣನಿಗೆ ಸಂಬಂಧ ಬಂದಿದೆ.' ಇದರಲ್ಲಿ ಮೂರನೆಯ ವಾಕ್ಯ ಶುದ್ಧ ಸುಳ್ಳು ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಎರಡನೆಯದರ ಮೇಲೂ ನನಗೆ ಅನುಮಾನ. ಜೋರು ಮಳೆಯ ಬೆಳಿಗ್ಗೆ ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಯಾರಿಗಾದರೂ ಸೀಟು ಸಿಕ್ಕುವುದುಂಟೇ?

ಸದಣ್ಣ ಎಂದರೆ ಮರವಂತೆಯ ನಮ್ಮ ದೊಡ್ಡಮ್ಮನ ಮಗ ಸದಾನಂದ. ಬಂದರಿನಿಂದ ಮೀನಿನ ಪೆಟ್ಟಿಗೆಗಳನ್ನು ಬೈಂದೂರು, ಶಿರೂರು ಕಡೆಗೆ ಸಾಗಿಸುವ ಗೂಡ್ಸ್ ರಿಕ್ಷಾ ಅವನದು. ವಯಸ್ಸು ನಲವತ್ತು ದಾಟಿದೆ, ಮದುವೆ ಆಗಿಲ್ಲ. ಇದು ಅವನೊಬ್ಬನ ಚಿಂತೆಯಾಗಿ ಉಳಿಯದೆ ಎಷ್ಟೋ ವರ್ಷಗಳಿಂದ ಇಡೀ ಕೇರಿಯ ಚಿಂತೆಯಾಗಿದೆ. ನಮ್ಮ ಕಡೆ ಈಗ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ನಾನು ಹೇಳಬೇಕಾಗಿಲ್ಲ. ಮೀನಿನ ವಾಸನೆ ಆಗುವುದಿಲ್ಲ ಎಂದು ಮೀನು ಮಾರುವವರ ಮನೆಯ ಹುಡುಗಿಯರೇ ಹೇಳುವ ಕಾಲ. ಸದಣ್ಣ ಮಾತ್ರ ಪ್ರತಿ ಸಂಜೆ ಗಾಡಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಡ್ಯಾಶ್‌ಬೋರ್ಡಿನ ಮೇಲೆ ಎರಡು ಮಲ್ಲಿಗೆ ಇಟ್ಟು, ಆಶೆಯನ್ನು ಬಿಡದೆ ಇದ್ದ.

ನಮ್ಮಲ್ಲಿ ಸಂಬಂಧ ವಿಚಾರಿಸುವುದಕ್ಕೆ ಒಂದು ಕ್ರಮವಿದೆ. ಹೆಣ್ಣಿನ ಕಡೆಯವರು ನೇರವಾಗಿ ಗಂಡಿನ ಮನೆಗೆ ಬರುವುದಿಲ್ಲ. ಮೊದಲು ಒಬ್ಬ ಅಪರಿಚಿತ ಬರುತ್ತಾನೆ. ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಸೋಡಾ ಕುಡಿಯುತ್ತಾನೆ. 'ಇಂಥವರ ಮನೆ ಯಾವುದು, ಜನ ಹೇಗೆ, ದುಡಿಮೆ ಹೇಗೆ' ಎಂದು ಸುತ್ತಿ ಬಳಸಿ ಕೇಳುತ್ತಾನೆ. ಎಂತ ವಿಷಯ ಎಂದರೆ 'ಹೀಗೇ, ಒಂದು ವಿಷಯ ಇತ್ತು' ಎನ್ನುತ್ತಾನೆ. ಮದುವೆ ಎಂಬ ಶಬ್ದವನ್ನು ಅವನೂ ಎತ್ತುವುದಿಲ್ಲ, ಇವರೂ ಎತ್ತುವುದಿಲ್ಲ. ಕೇಳಿಸಿಕೊಂಡವರ ಕರ್ತವ್ಯ ಮಾತ್ರ ಸ್ಪಷ್ಟ. ಒಂದು ಮದುವೆ ತಪ್ಪಿಸಿದ ಅಪವಾದ ಯಾರಿಗೂ ಬೇಡ. ಆದ್ದರಿಂದ ಕುಡಿಯುವವನು ಅಂದು ಒಂದು ದಿನದ ಮಟ್ಟಿಗೆ ಕುಡಿಯುವುದಿಲ್ಲ, ಸೋರುವ ಹಂಚಿನ ಮಾಡು ಸೋರುವುದಿಲ್ಲ.

ಆ ದಿನ ಬಂದವನು ಕೈಯಲ್ಲಿ ಒಂದು ಫೈಲು ಹಿಡಿದಿದ್ದ. ಅಂಗಿ ನೀಲಿ ಎಂದು ನನ್ನ ನೆನಪು, ಚೌಕುಳಿ ಎಂದು ದೊಡ್ಡಮ್ಮನ ನೆನಪು. ನಾನು ಅಲ್ಲಿ ಇರಲೇ ಇಲ್ಲವಾದ್ದರಿಂದ ದೊಡ್ಡಮ್ಮನ ಮಾತೇ ಸರಿ ಇರಬೇಕು. ಅವನು ಮೊದಲು ನಿಂತದ್ದು ಶೀನಣ್ಣನ ಅಂಗಡಿಯಲ್ಲಿ.

"ಸದಾನಂದ ಅಂಬವ್ರ್ ಹ್ಯಾಂಗೆ ಜನ?" ಎಂದನಂತೆ.

"ಎಂತ ವಿಷ್ಯ?" ಎಂದು ಶೀನಣ್ಣ.

"ಎಂತ ಇಲ್ಲೆ, ಒಂದ್ ಪರ್ಸನಲ್ ವಿಷ್ಯ."

ಇನ್ನೇನು ಬೇಕು? ಶೀನಣ್ಣ ಸೋಡಾದ ಜೊತೆಗೆ ಒಂದು ಬಾಳೆಹಣ್ಣನ್ನೂ ಪುಕ್ಕಟೆ ಕೊಟ್ಟು, "ಮಾಣಿ ಚಿನ್ನ ಮಾರ್ರೆ. ನನ್ ಅಂಗ್ಡೀಲಿ ಇವತ್ತಿನ ತನ್ಕ ಒಂದ್ ಬೀಡಿ ಸಾಲ ಹೇಳ್ದವ ಅಲ್ಲ" ಎಂದ. ಆಮೇಲೆ ತನ್ನ ಮಾತಿನಲ್ಲೇ ಒಂದು ಅಪಾಯ ಕಂಡು, "ಬೀಡಿ ಅಂದ್ರೆ, ಅವ ಬೀಡಿ ಸೇದುದೂ ಇಲ್ಲೆ" ಎಂದು ಸೇರಿಸಿದ. ಪಕ್ಕದ ಮನೆಯ ಗಿರಿಜಕ್ಕ ಮೀನು ಮಾರುವವಳು, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವಳು, "ಮಳೆಗಾಲ್ದಲ್ಲೂ ಅವ್ನಿಗೆ ಬಾಡ್ಗಿ ತಪ್ಪುದಿಲ್ಲೆ. ಇನ್ನೊಂದ್ ಗಾಡಿ ತೆಗಿತ ಅಂಬ್ರ್" ಎಂದು ಬಿಟ್ಟಳು. ನಿಜವೇನೆಂದರೆ ಮೀನುಗಾರಿಕೆಗೆ ರಜೆಯಿರುವ ಆ ದಿನಗಳಲ್ಲಿ ಸದಣ್ಣನ ಗಾಡಿ ಟಾರ್ಪಾಲಿನ ಕೆಳಗೆ ನಿಂತಿತ್ತು, ಅದರಲ್ಲಿ ದೊಡ್ಡಮ್ಮನ ಕೋಳಿ ಮೊಟ್ಟೆ ಇಡುತ್ತಿತ್ತು.

ದೊಡ್ಡಮ್ಮನಂತೂ ಅವನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, ಅವನು ಒಂದು ಪ್ರಶ್ನೆ ಕೇಳುವುದರೊಳಗೆ ತಾನು ಹತ್ತು ಕೇಳಿದಳು. ಯಾವ ಊರು, ಯಾರ ಮನೆ, ಅಬ್ಬೆಯ ತವರು ಎಲ್ಲಿ. ಹೆಸರು ಪ್ರದೀಪ, ಊರು ಶಿರೂರು, ಅಜ್ಜಿಯ ಊರು ಕಿರಿಮಂಜೇಶ್ವರ ಎಂದು ತಿಳಿದದ್ದೇ, "ಹಾಂಗಾರೆ ನೀವ್ ನಮ್ಗೆ ದೂರ ಅಲ್ಲ" ಎಂದು ತೀರ್ಮಾನಿಸಿದಳು. ಮನೆ ನಮ್ಮದೇ, ತೆಂಗಿನ ಮರಗಳೂ ನಮ್ಮವೇ ಎಂದು ಬೇಲಿಯಾಚೆ ಕೈ ತೋರಿಸಿದಳು. ಆ ಮರಗಳು ಗಿರಿಜಕ್ಕನವು. ಗಿರಿಜಕ್ಕ ಅಲ್ಲೇ ನಿಂತು ಹೌದು ಹೌದೆಂದು ತಲೆ ಆಡಿಸಿದಳು.

ಶುಭಕಾರ್ಯಗಳಿಲ್ಲದ ಆಸಾಡಿ ತಿಂಗಳಲ್ಲಿ ಯಾರಾದರೂ ಸಂಬಂಧ ಕೇಳಲು ಹೊರಡುತ್ತಾರೆಯೇ ಎಂಬ ಪ್ರಶ್ನೆ ನನಗಾದರೂ ಏಳಬೇಕಿತ್ತು. ಎದ್ದಿತು ಕೂಡ. ಮಧ್ಯಾಹ್ನ ಸಂಭ್ರಮದಿಂದ ಫೋನು ಮಾಡಿದ ದೊಡ್ಡಮ್ಮನನ್ನು ಕೇಳಿದೆ. "ವಿಚಾರ್ಸುಕೆ ಆಸಾಡಿ ಅಡ್ಡಿ ಇಲ್ಲೆ ಹೆಣೆ" ಎಂದು ಅವಳು ನನ್ನನ್ನು ಹುಡುಗಿಯಂತೆ ಗದರಿಸಿದಳು. ಅದಾದ ಸ್ವಲ್ಪ ಹೊತ್ತಿಗೆ ನಾನು ಕೆಲಸ ಮಾಡುವ ಕುಂದಾಪುರದ ಕಾಲೇಜಿನ ಗ್ರಂಥಾಲಯದಲ್ಲಿದ್ದಾಗ ನನ್ನ ಮೊಬೈಲಿಗೆ ಪ್ರದೀಪನ ಕರೆ ಬಂತು. ನನ್ನ ಸಂಖ್ಯೆ ಇವನಿಗೆ ಹೇಗೆ ಸಿಕ್ಕಿತು ಎಂದು ಯೋಚಿಸಲೂ ಇಲ್ಲ. ಕಪಾಟುಗಳ ಸಂದಿಯಲ್ಲಿ ನಿಂತು, ಸನ್ಮಾನ ಪತ್ರ ಓದುವವರ ಧಾಟಿಯಲ್ಲಿ, 'ಅತ್ಯಂತ ಜವಾಬ್ದಾರಿಯುತ ವ್ಯಕ್ತಿ, ಆರ್ಥಿಕವಾಗಿ ಸದೃಢರು' ಎಂದು ಪಿಸುಗುಟ್ಟಿದೆ. ಸದೃಢ ಎಂಬ ಶಬ್ದವನ್ನು ನಾನು ಜೀವನದಲ್ಲಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಸಂಜೆ ಸದಣ್ಣ ಸುದ್ದಿ ಕೇಳಿ ಕ್ಷೌರ ಮಾಡಿಸಿಕೊಂಡ, ಮೀಸೆಗೆ ಕಪ್ಪು ಬಳಿದುಕೊಂಡ. ಕೆಲವು ವಾರಗಳಿಂದ ಅವನು ಗೊತ್ತಿಲ್ಲದ ಸಂಖ್ಯೆಯ ಕರೆಗಳನ್ನು ಎತ್ತುತ್ತಲೇ ಇರಲಿಲ್ಲ. ಈಗ ಹೆಣ್ಣಿನ ಕಡೆಯವರು ಮಾಡಿದರೆ ಎಂದು ಎಲ್ಲ ಕರೆಗಳನ್ನೂ ಮೊದಲ ರಿಂಗಿಗೇ ಎತ್ತತೊಡಗಿದ. ಮರುದಿನ ಬಂದ ಕರೆಯನ್ನು ಅವನೇ ನನಗೆ ಆಮೇಲೆ ಅಭಿನಯಿಸಿ ತೋರಿಸಿದ್ದಾನೆ.

"ಸದಾನಂದ ಅವ್ರಾ? ನಿನ್ನೆ ನಿಮ್ಮನಿ ಬದಿಗೆ ಬಂದಿದ್ದೆ."

"ಗೊತ್ತಾಯ್ತ್. ಮನಿ ಹಿಡಿಸ್ತಾ?"

"ಮನಿ ಲಾಯ್ಕಿತ್ತ್. ಎಲ್ಲ ಅನುಕೂಲ ಇತ್ತ್ ಅಂದೇಳಿ ಊರವ್ರ್ ಹೇಳ್ರ್."

"ನಿಮ್ ಅಭಿಪ್ರಾಯ ಎಂತ?" ಎಂದು ಸದಣ್ಣ ನಾಚಿಕೊಂಡು ಕೇಳಿದ.

"ಇಷ್ಟೆಲ್ಲ ಇದ್ದೂ ಗಾಡಿ ಕಂತ್ ಎಂತಕೆ ಕಟ್ಟುದಿಲ್ಲೆ ಅಂದೇಳಿ."

ಕಳೆದ ವರ್ಷ ಸದಣ್ಣ ಗಾಡಿ ತೆಗೆದದ್ದು ಒಂದು ಫೈನಾನ್ಸ್ ಕಂಪೆನಿಯ ಸಾಲದಲ್ಲಿ. ದೊಡ್ಡಮ್ಮನಿಗೆ ಮಾತ್ರ ಚೀಟಿ ದುಡ್ಡಿನಲ್ಲಿ ತೆಗೆದೆ ಎಂದು ಹೇಳಿದ್ದ. ಸಾಲದ ಅರ್ಜಿಯಲ್ಲಿ ಪರಿಚಯದವರು ಎಂಬಲ್ಲಿ ನನ್ನ ಹೆಸರು, ಸಂಖ್ಯೆ ಬರೆದದ್ದನ್ನು ನನಗೂ ಹೇಳಿರಲಿಲ್ಲ. ದೋಣಿಗಳು ನಿಂತ ಮೇಲೆ ಕಂತು ತಪ್ಪಿತು. ಪ್ರದೀಪ ಪಾಪ ಊರವರು ಹೇಳಿದ್ದನ್ನೆಲ್ಲ ನಿಷ್ಠೆಯಿಂದ ಬರೆದು ಮೇಲಕ್ಕೆ ಕಳಿಸಿದ್ದ. ಅನುಕೂಲಸ್ಥ, ದುಡಿಮೆ ತಪ್ಪಿಲ್ಲ, ಎರಡನೆಯ ಗಾಡಿ ತೆಗೆಯುವವನಿದ್ದಾನೆ, ತೆಂಗಿನ ತೋಟವಿದೆ. ಬೇಕೆಂದೇ ಕಟ್ಟದವನು ಎಂದು ಕಂಪೆನಿಗೆ ಖಾತ್ರಿಯಾಯಿತು.

ಅಲ್ಲಿಂದ ಬೇರೆ ಧ್ವನಿಯೊಂದು ಶುರುವಾಯಿತು. ಅದಕ್ಕೆ ಹೆಸರಿರಲಿಲ್ಲ, ಊರಿರಲಿಲ್ಲ, ಬೆಳಕು ಹರಿಯುವ ಮೊದಲೇ ಫೋನು ಮಾಡುತ್ತಿತ್ತು. ಬಂದರು ತೆರೆಯುವ ದಿನವೇ, ಎಲ್ಲರೂ ನೋಡುವ ಹಾಗೆ ಹೆದ್ದಾರಿಯಲ್ಲಿ ಗಾಡಿ ಎತ್ತಿಕೊಂಡು ಹೋಗುತ್ತೇವೆ, ನಿನ್ನ ನೆಂಟರಿಗೆಲ್ಲ ಹೇಳುತ್ತೇವೆ ಎಂದಿತು. ಸದಣ್ಣ ನನಗೆ ಫೋನು ಮಾಡಿದ. "ಹೆಣೆ, ಅದ್ ಸಂಬಂಧ ಅಲ್ಲ. ಸಾಲದವ್ರ್. ಗಾಡಿ ಹೋರೆ ನಾ ಎಂತ ಮಾಡುದ್? ಅಮ್ಮಂಗೆ ಎಂತ ಹೇಳುದ್? ಅವ್ಳ್ ಗ್ವಾಡಿಗೆ ಸುಣ್ಣ ಹೊಡೆಸ್ತಾ ಇತ್ತ್." ಯಾವಾಗಲೂ ನಗುವ ಅವನ ಧ್ವನಿ ಅಂದು ತೆಳ್ಳಗಾಗಿತ್ತು. ಇದನ್ನು ನಾನು ದಿನಚರಿಯಲ್ಲಿ ಬರೆದಿಲ್ಲ, ಆದರೂ ನೆನಪಿದೆ.

ನನ್ನಂಥವರಿಗೆ ಕಷ್ಟ ಬಂದರೆ ಮಾಡಲು ಬರುವುದು ಒಂದೇ, ಕೂತು ಓದುವುದು. ಬ್ಯಾಂಕುಗಳಿಗೆಲ್ಲ ದೊಡ್ಡಣ್ಣನಾದ ಬ್ಯಾಂಕು ಸಾಲ ವಸೂಲಿಗೆ ಮಾಡಿದ ನಿಯಮಗಳನ್ನು ಹುಡುಕಿ ಓದಿದೆ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವ ಹಾಗಿಲ್ಲ. ಮನೆಗೆ ಬರುವವನು ಗುರುತಿನ ಚೀಟಿಯನ್ನೂ ಕಂಪೆನಿ ಕೊಟ್ಟ ಅಧಿಕಾರ ಪತ್ರವನ್ನೂ ತೋರಿಸಬೇಕು. ಬೆದರಿಸಬಾರದು, ನೆಂಟರಿಷ್ಟರಿಗೆ, ಪರಿಚಯದವರಿಗೆ ಕಿರುಕುಳ ಕೊಡಬಾರದು, ನಾಲ್ಕು ಜನರೆದುರು ಮಾನ ಕಳೆಯಬಾರದು. ಗಾಡಿ ಎತ್ತುವುದಿದ್ದರೂ ಮೊದಲು ನೋಟಿಸು ಕೊಟ್ಟು ಅವಧಿ ಕೊಡಬೇಕು. ದೂರು ಮೊದಲು ಕಂಪೆನಿಯಲ್ಲೇ ಅದಕ್ಕೆಂದು ಇರುವ ಅಧಿಕಾರಿಗೆ. ಅವರು ಸರಿಪಡಿಸದಿದ್ದರೆ ಆ ದೊಡ್ಡ ಬ್ಯಾಂಕಿನವರೇ ನೇಮಿಸಿದ ಒಂಬುಡ್ಸ್‌ಮನ್ ಅವರಿಗೆ, ಅದಕ್ಕೆ ಶುಲ್ಕವಿಲ್ಲ. ಇದನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತಿದ್ದಾಗ ನಮ್ಮ ಯಜಮಾನರು, "ನೀನು ಹಕ್ಕು ಓದು, ನಾನು ಅನ್ನಕ್ಕೆ ಇಡ್ತೇನೆ" ಎಂದು ಒಳಗೆ ಹೋದರು. ಕಂಪೆನಿಗೆ ಒಂದು ದೂರು ಬರೆದು ಇಮೇಲ್ ಮಾಡಿದೆ. ಅದಕ್ಕೆ ಅಡಿಟಿಪ್ಪಣಿಗಳಿದ್ದವು. ಇತಿಹಾಸ ಓದಿದವರ ಚಾಳಿ.

ಬೆಳಗಿನ ಕರೆಗೆ ಏನು ಹೇಳಬೇಕೆಂದು ಸದಣ್ಣನಿಗೆ ಫೋನಿನಲ್ಲೇ ತಾಲೀಮು ಮಾಡಿಸಿದೆ. ಹೆಸರು ಕೇಳು, ಕಂಪೆನಿ ಕೇಳು, ಎಂಟು ಗಂಟೆಯ ಮೇಲೆ ಮಾಡಿ ಎಂದು ಹೇಳಿ ಇಡು, ಬೈಯಬೇಡ. ಸದಣ್ಣ ಪಾಠವನ್ನು ಸ್ವಲ್ಪ ತನ್ನ ರೀತಿಗೆ ತಿದ್ದಿಕೊಂಡ. ಮಾರನೆಯ ದಿನ ಕತ್ತಲೆಯಲ್ಲಿ ಆ ಧ್ವನಿ ಬೆದರಿಸಲು ಹೊರಟಾಗ, "ನಿಮ್ ಹೆಸ್ರೆಂತ? ಯಾವ್ ಊರ್? ಅಲ್ಲಿ ಯಾರ್ ಮನಿ? ನಿಮ್ ಅಪ್ಪಯ್ಯನ ಹೆಸ್ರೆಂತ?" ಎಂದು ಒಂದೇ ಉಸಿರಿಗೆ ಕೇಳಿದನಂತೆ. ಅತ್ತ ಕಡೆ ಫೋನು ಕಟ್ಟಾಯಿತು. ನಿಯಮದಲ್ಲಿ ಅಪ್ಪಯ್ಯನ ಹೆಸರು ಕೇಳಬೇಕೆಂದು ಎಲ್ಲೂ ಇಲ್ಲ. ಸೇರಿಸಬೇಕು.

ಆದರೂ ಭಾನುವಾರ ಕಂಪೆನಿಯವರು ಬಂದೇ ಬಂದರು. ಬರುತ್ತೇವೆಂದು ಪ್ರದೀಪ ಮೊದಲೇ ತಿಳಿಸಿದ್ದರಿಂದ ನಾನೂ ಬೆಳಿಗ್ಗೆಯೇ ಮರವಂತೆಗೆ ಹೋಗಿದ್ದೆ. ಪ್ರದೀಪನ ಜೊತೆ ಬೈಕಿನಲ್ಲಿ ಇನ್ನೊಬ್ಬನಿದ್ದ, ಅಗಲ ಭುಜದ ಗಂಭೀರ ಮನುಷ್ಯ. ದೊಡ್ಡಮ್ಮನಿಗೆ ಸದಣ್ಣ ಇನ್ನೂ ನಿಜ ಹೇಳಿರಲಿಲ್ಲ, ಅವಳು ಮನೆ ನೋಡಲು ಬರುತ್ತಾರೆಂದೇ ತಿಳಿದು ಕೋಳಿ ಸುಕ್ಕ, ಕಡುಬು ಮಾಡಿಟ್ಟಿದ್ದಳು. ಗಾಡಿಯಲ್ಲಿ ಮೊಟ್ಟೆ ಇಡುತ್ತಿದ್ದ ಕೋಳಿಯೇ ಪಾತ್ರೆ ಸೇರಿತ್ತು. ಅಗಲ ಭುಜದವನು ಹೆಣ್ಣಿನ ಸೋದರಮಾವನೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿಹೋಯಿತು. "ಕೂಕಣಿ, ಕೂಕಣಿ, ತಿಂದ್ಕಂಡ್ ಮಾತಾಡುವ" ಎಂದು ಇಬ್ಬರಿಗೂ ಬಡಿಸಿಬಿಟ್ಟಳು.

ನಾನು ಪ್ರದೀಪನ ಬಳಿ ಬಗ್ಗಿ ಕಡುಬು ಹಾಕುವ ನೆಪದಲ್ಲಿ, "ಮನೆಯವರೆದುರು ಸಾಲದ ಮಾತು ಎತ್ತುವ ಹಾಗಿಲ್ಲ, ಗೊತ್ತಿದೆಯಲ್ಲ?" ಎಂದೆ.

"ಗೊತ್ತಿತ್ತ್ ಅಕ್ಕ. ಟ್ರೈನಿಂಗಲ್ಲಿ ಹೇಳಿರ್. ಅದ್ಕೇ ಅವತ್ತೂ ಯಾರ್ ಹತ್ರವೂ ಸಾಲ ಅಂದೇಳಿ ಹೇಳ್ಲಿಲ್ಲ" ಎಂದ.

ಸೌಟು ಹಿಡಿದು ನಾನು ಅಲ್ಲೇ ನಿಂತೆ. ಅಕ್ಕಪಕ್ಕದವರನ್ನು ವಿಚಾರಿಸಲು ಹೋದದ್ದೇ ತಪ್ಪು, ಅದು ಬೇರೆ ಮಾತು. ಆದರೆ ಉಳಿದರ್ಧ ನಿಯಮವನ್ನು ಅವನು ಪ್ರಾಮಾಣಿಕವಾಗಿ ಪಾಲಿಸಿದ್ದ. ಅವನು ಒರಟನಾಗಿದ್ದು ಅಂಗಡಿಯಲ್ಲಿ ನಿಂತು ಸಾಲ ಸಾಲ ಎಂದು ಕೂಗಿದ್ದರೆ, ಇಡೀ ಮರವಂತೆ ಒಂದಾಗಿ ಸದಣ್ಣನ ಬಡತನವನ್ನು ಬಣ್ಣಿಸುತ್ತಿತ್ತು. ಸಾಲಗಾರನ ಮಾನ ಕಾಯುವ ನಿಯಮವೇ ಸಾಲಗಾರನನ್ನು ಶ್ರೀಮಂತನನ್ನಾಗಿ ಮಾಡಿ ಮುಳುಗಿಸಿತ್ತು.

"ಹೆಣ್ಣ್ ಎಂತ ಓದಿತ್?" ಎಂದು ದೊಡ್ಡಮ್ಮ ಕೇಳಿದಳು. ಪ್ರದೀಪನಿಗೆ ಕೆಮ್ಮು ಬಂತು. ನಾನು ನೀರು ತರಲು ಎದ್ದೆ. ಅಷ್ಟರಲ್ಲಿ ಸೋದರಮಾವ ಮೂಳೆಯನ್ನು ಬಾಳೆಲೆಯ ಅಂಚಿಗೆ ಸರಿಸಿ, "ಗಾಡಿ ಕೀ ಎಲ್ಲಿತ್ತ್?" ಎಂದ.

ದೊಡ್ಡಮ್ಮನ ಮುಖದ ನಗು ಮೆಲ್ಲಗೆ ಇಳಿಯಿತು. "ಹ್ವಾಯ್, ಗಂಡಿನ್ ಕಡಿಯವ್ರ್ ಗಾಡಿ ಕೇಂಬುದ್ ಕಂಡಿದ್ದೆ. ಹೆಣ್ಣಿನ್ ಕಡಿಯವ್ರೇ ಗಾಡಿ ಕೇಂಬುದ್ ಇದೇ ಸುರು."

ಇನ್ನು ತಡೆಯಲಾಗದೆ ಬಾಗಿಲ ಬಳಿ ನಿಂತಿದ್ದ ಸದಣ್ಣ ಹೇಳಿಬಿಟ್ಟ. "ಅಮ್ಮ, ಇವ್ರ್ ಹೆಣ್ಣಿನ್ ಕಡಿಯವ್ರಲ್ಲ. ಗಾಡಿ ಸಾಲದ್. ಕಂತ್ ಬಾಕಿ ಇತ್ತ್." ದೊಡ್ಡಮ್ಮ ಹೊಸ ಸುಣ್ಣದ ಗೋಡೆಯನ್ನು ನೋಡಿದಳು. ಮಗನ ಕಪ್ಪು ಮೀಸೆಯನ್ನು ನೋಡಿದಳು. ಆಮೇಲೆ, "ಸಾಲ ಎಲ್ರಿಗೂ ಇತ್ತ್, ಕಟ್ಲಕ್ಕ್. ಹೆಣ್ಣೇ ಇಲ್ಲ್ಯಾ ಹಾಂಗಾರೆ?" ಎಂದಳು. ಎಲೆಯ ಅಂಚಿನ ಮೂಳೆಯನ್ನು ನೋಡಿ, "ಮೊಟ್ಟಿ ಇಡು ಕೋಳಿ, ಮಾರಾಯ" ಎಂದು ಇನ್ನೂ ಸಣ್ಣ ಧ್ವನಿಯಲ್ಲಿ ಹೇಳಿದಳು.

ದಾಸವಾಳದ ಬೇಲಿಯಾಚೆ ಕಿವಿ ಕೊಟ್ಟು ನಿಂತಿದ್ದ ಗಿರಿಜಕ್ಕ ಒಳಗೆ ನುಗ್ಗಿದ್ದು ಆಗ. ಅವಳ ಹಿಂದೆ ಶೀನಣ್ಣ. ಮುಂದಿನ ಹತ್ತು ನಿಮಿಷದಲ್ಲಿ ಸದಣ್ಣ ಪಾಪರ್ ಆಗಿಹೋದ. "ಆ ಮರ ಎಲ್ಲ ನಮ್ದ್ ಮಾರ್ರೆ, ಇವ್ರಿಗೆ ಒಂದ್ ಗರಿ ಸಾ ಇಲ್ಲೆ" ಎಂದಳು ಗಿರಿಜಕ್ಕ. "ನನ್ ಅಂಗ್ಡಿ ಸಾಲವೇ ಇತ್ತ್, ಬೀಡಿದ್ದೂ ಸೇರಿ" ಎಂದ ಶೀನಣ್ಣ. ಮಾಡು ಎಲ್ಲೆಲ್ಲಿ ಸೋರುತ್ತದೆ ಎಂದು ಇಬ್ಬರೂ ಕೈ ಹಿಡಿದು ತೋರಿಸಿದರು. ಅಂದಿನ ಪ್ರೀತಿಗೂ ಇಂದಿನ ಪ್ರೀತಿಗೂ ವ್ಯತ್ಯಾಸವಿರಲಿಲ್ಲ, ಸದಣ್ಣನನ್ನು ಉಳಿಸಿಕೊಳ್ಳಬೇಕು ಅಷ್ಟೆ.

ಈ ಗದ್ದಲದ ನಡುವೆ ನಾನು ಓದಿಕೊಂಡದ್ದೂ ಸ್ವಲ್ಪ ಉಪಯೋಗಕ್ಕೆ ಬಂತು. ಅಧಿಕಾರ ಪತ್ರ ಕೇಳಿದೆ. ಪ್ರದೀಪನ ಹತ್ತಿರ ಅವನದಿತ್ತು, ಅಗಲ ಭುಜದವನ ಹೆಸರು ಎಲ್ಲೂ ಇರಲಿಲ್ಲ. ಗಾಡಿ ಎತ್ತುವ ನೋಟಿಸು ಕೇಳಿದೆ, ಅದು ಹೊರಟೇ ಇರಲಿಲ್ಲ. "ಹಾಗಾದರೆ ಗಾಡಿ ಇಲ್ಲೇ ಇರುತ್ತದೆ" ಎಂದೆ. ಧ್ವನಿ ಗಟ್ಟಿಯಾಗಿತ್ತು ಎಂದು ನನ್ನ ನೆನಪು, ನಡುಗುತ್ತಿತ್ತು ಎಂದು ಸದಣ್ಣನ ನೆನಪು. ಪ್ರದೀಪ ಹಿತ್ತಲಿಗೆ ಹೋಗಿ ಮೇಲಿನವರೊಡನೆ ಬಹಳ ಹೊತ್ತು ಮಾತಾಡಿದ. ದೂರು ಅವರಿಗೆ ಆಗಲೇ ತಲುಪಿತ್ತು. ಬಂದರು ತೆರೆದ ಮೇಲೆ ಬಾಕಿಯನ್ನು ಮುಂದಿನ ಕಂತುಗಳಿಗೆ ಹಂಚಿ ಕಟ್ಟುವುದೆಂದು ಒಪ್ಪಿದರು, ಕೆಲವೇ ದಿನಗಳಲ್ಲಿ ಅದು ಬರಹದಲ್ಲೂ ಬಂತು. ಕತ್ತಲೆಯ ಕರೆಗಳು ನಿಂತವು. ತಡವಾದದ್ದಕ್ಕೆ ದಂಡ ಮಾತ್ರ ಬಿಡಲಿಲ್ಲ. ಹಕ್ಕು ಇದ್ದರೆ ಮರ್ಯಾದೆ ಉಳಿಯುತ್ತದೆ, ಸಾಲ ತೀರುವುದಿಲ್ಲ. ಅದನ್ನು ಸದಣ್ಣ ಈಗ ಮೀನು ಸಾಗಿಸಿಯೇ ತೀರಿಸುತ್ತಿದ್ದಾನೆ. ಮಲ್ಲಿಗೆ ಇನ್ನೂ ಇಡುತ್ತಾನೆ.

ಹೊರಡುವಾಗ ದೊಡ್ಡಮ್ಮ ಪ್ರದೀಪನಿಗೆ, "ನಿಮ್ ಶಿರೂರ್ ಬದಿಗೆ ಹೆಣ್ಣ್ ಇದ್ರೆ ಹೇಳಿ" ಎಂದಳು. ಅವನು ತಲೆ ಕೆರೆದುಕೊಂಡು, "ಇದ್ರೆ ನಂಗೇ ಬೇಕಿತ್ತ್ ಅಮ್ಮ" ಎಂದ. ಉಳಿದ ಕಡುಬನ್ನು ಅವನಿಗೆ ಕಟ್ಟಿಕೊಟ್ಟಳು.

ಇಷ್ಟನ್ನು ಬರೆದು ನಮ್ಮ ಯಜಮಾನರಿಗೆ ಓದಲು ಕೊಟ್ಟೆ. ಶೀನಣ್ಣನ ಅಂಗಡಿಯ ಭಾಗ ಬಂದಾಗ ಅವರು ಓದುವುದನ್ನು ನಿಲ್ಲಿಸಿದರು. ನಾನು ಮದುವೆಗೆ ಮೊದಲು ಕಾಲೇಜಿಗೆ ಹೋಗುತ್ತಿದ್ದುದು ದೊಡ್ಡಮ್ಮನ ಮನೆಯಿಂದಲೇ. "ನಮ್ಮ ಚಿಕ್ಕಪ್ಪ ನಿನ್ನ ಬಗ್ಗೆ ವಿಚಾರಿಸಿದ್ದೂ ಇದೇ ಅಂಗಡಿಯಲ್ಲಿ" ಎಂದರು. ಆಮೇಲೆ, ಯಾವ ಭಾವವೂ ಇಲ್ಲದ ಮುಖದಲ್ಲಿ, "ಮಾತು ಕಡಿಮೆ, ಅಡುಗೆ ಜಾಸ್ತಿ, ಹೇಳಿದ್ದಕ್ಕೆ ಎದುರು ಹೇಳಿ ಗೊತ್ತಿಲ್ಲ, ಅಂತ ವರದಿ ಬಂದಿತ್ತು" ಎಂದು ಸೇರಿಸಿ, ಕುಕ್ಕರ್ ಇಳಿಸಲು ಹೋದರು. ಅವರ ನೆನಪಿನ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ಮೂಲ ಸಾಕ್ಷಿಯನ್ನೇ ಕೇಳುವುದು ಸರಿ ಎಂದುಕೊಂಡು ಕಳೆದ ಭಾನುವಾರ ಮರವಂತೆಗೆ ಹೋದೆ. ದೊಡ್ಡಮ್ಮ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು.

"ದೊಡ್ಡಮ್ಮ, ಬ್ರಹ್ಮಾವರದವ್ರ್ ನನ್ ಬಗ್ಗೆ ಕೇಂಬುಕೆ ಬಂದಾಗ ನೀವೆಲ್ಲ ಎಂತ ಹೇಳಿದ್ರಿ?" ಎಂದು ಕೇಳಿದೆ.

ದೊಡ್ಡಮ್ಮ ತಲೆಯೆತ್ತಿ ಆಕಾಶ ನೋಡಿದಳು. ಮಳೆ ಬಪ್ಪ ಹಾಂಗಿತ್ತ್ ಎಂದು ಮೀನನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಇದೊಂದು ವಿವರವನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ.